ಓದುಗರ ಪ್ರಶ್ನೆ, ನಮ್ಮ ಉತ್ತರ: ಮೋಸೆಲ್ ಕಣಿವೆಯ ಮನೆತನಗಳು ಮತ್ತು ರೀಸ್ಲಿಂಗ್

ಜರ್ಮನಿಯ ಮೋಸೆಲ್ ನದಿಯ ದಂಡೆಯಲ್ಲಿ ತಲೆಮಾರುಗಳಿಂದ ಒಂದೇ ಮನೆಯವರು ನಡೆಸಿಕೊಂಡು ಬಂದಿರುವ ದ್ರಾಕ್ಷಿತೋಟಗಳು ಮತ್ತು ಅಲ್ಲಿ ತಯಾರಾಗುವ ರೀಸ್ಲಿಂಗ್ ಎಂಬ ಬಿಳಿ ವೈನ್ ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಕಿರುಲೇಖನ ಪ್ರಕಟವಾಗಿತ್ತು. ಅದನ್ನು ಓದಿ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಪತ್ರ ಬರೆದವರಲ್ಲಿ ಕೆಲವರ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಹೆಚ್ಚಿನವರು ಕೇಳಿದ್ದು ವೈನಿನ ರುಚಿಯ ಬಗ್ಗೆ ಅಲ್ಲ, ಹೊಲ ಮತ್ತು ಪಾಲಿನ ಬಗ್ಗೆ. ಹಾಗಾಗಿ ಆ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡು, ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾವು ಮೂವರು ಅಣ್ಣತಮ್ಮಂದಿರು, ಒಬ್ಬ ತಂಗಿ. ತಂದೆಯವರ ಹೊಲದ ವಾಟ್ನಿ ಮಾತು ಈ ವರ್ಷ ಎದ್ದಿದೆ. ನಿಮ್ಮ ಲೇಖನದಲ್ಲಿ ಇನ್ನೂರು ವರ್ಷಗಳಿಂದ ಒಂದೇ ಮನೆತನದ ಕೈಯಲ್ಲಿರುವ ತೋಟಗಳ ವಿಚಾರವಿತ್ತು. ಅಲ್ಲಿ ಒಡಹುಟ್ಟಿದವರು ಪಾಲು ಕೇಳುವುದಿಲ್ಲವೇ? — ರೈತರು, ಹಾನಗಲ್ ತಾಲ್ಲೂಕು

ಉತ್ತರ: ಕೇಳುತ್ತಾರೆ, ನಮ್ಮಲ್ಲಿಗಿಂತ ಕಡಿಮೆಯೇನೂ ಅಲ್ಲ. ರೈನ್ ನದಿಯ ಎಡದಂಡೆಯ ಸೀಮೆ 1794ರಿಂದ 1814ರವರೆಗೆ ಫ್ರೆಂಚರ ಆಡಳಿತದಲ್ಲಿತ್ತು. ಆ ಇಪ್ಪತ್ತು ವರ್ಷಗಳಲ್ಲಿ ಮೋಸೆಲ್ ಕಣಿವೆಯ ಒಕ್ಕಲುತನದ ಹಣೆಬರಹವೇ ಬದಲಾಯಿತು. ಮಠಗಳ ಮತ್ತು ಇಗರ್ಜಿಗಳ ಒಡೆತನದಲ್ಲಿದ್ದ ಒಳ್ಳೊಳ್ಳೆಯ ದ್ರಾಕ್ಷಿತೋಟಗಳನ್ನು ಸರಕಾರ ವಶಪಡಿಸಿಕೊಂಡು ಮಾರಿತು. ಕೊಂಡವರಲ್ಲಿ ಸ್ಥಳೀಯ ಮನೆತನಗಳೂ ಇದ್ದವು. ಅದರ ಬೆನ್ನಿಗೇ ನೆಪೋಲಿಯನ್ನನ ಕಾಲದ ನಾಗರಿಕ ಸಂಹಿತೆ ಜಾರಿಗೆ ಬಂದು, ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಸಮಪಾಲು ಎಂಬುದು ಗಟ್ಟಿಯಾಯಿತು. ನ್ಯಾಯದ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕೈದು ತಲೆಮಾರು ಕಳೆಯುವಷ್ಟರಲ್ಲಿ ಒಂದೊಂದು ಮನೆಯ ತೋಟವೂ ಗುಡ್ಡದ ತುಂಬ ಚದುರಿದ ಹತ್ತಾರು ಪಟ್ಟಿಗಳಾಗಿ ಹೋಯಿತು.

ಎರಡು ಹೆಸರಾಂತ ಮನೆತನಗಳ ಉದಾಹರಣೆ ಕೊಡುತ್ತೇನೆ. ಮೋಸೆಲ್‌ನ ಉಪನದಿಯಾದ ಸಾರ್ ದಂಡೆಯ ವಿಲ್ಟಿಂಗೆನ್ ಊರಿನ ಬಳಿ ಶಾರ್ಟ್ಸ್‌ಹೋಫ್‌ಬೆರ್ಗ್ ಎಂಬ ಗುಡ್ಡವಿದೆ. ಮಠಕ್ಕೆ ಸೇರಿದ್ದ ಆ ಆಸ್ತಿಯನ್ನು 1797ರಲ್ಲಿ ಕೊಂಡವನು ಇಂದಿನ ಎಗೊನ್ ಮ್ಯುಲ್ಲರ್ ಮನೆತನದ ಪೂರ್ವಜ. ಮುಂದೆ ಮಕ್ಕಳಲ್ಲಿ ಪಾಲಾಯಿತು. ಇಂದು ಸುಮಾರು 28 ಹೆಕ್ಟೇರಿನ ಆ ಗುಡ್ಡದಲ್ಲಿ ಈ ಮನೆಯವರ ಕೈಯಲ್ಲಿರುವುದು 8 ಹೆಕ್ಟೇರಿಗಿಂತ ಸ್ವಲ್ಪ ಹೆಚ್ಚು ಮಾತ್ರ; ಉಳಿದದ್ದಕ್ಕೆ ಬೇರೆ ಬೇರೆ ಒಡೆಯರಿದ್ದಾರೆ. ಇನ್ನೊಂದು, ವೆಲೆನ್ ಊರಿನ ಪ್ರೂಮ್ ಮನೆತನ. 1842ರಲ್ಲಿ ಈ ಮನೆಯ ಹಿರಿಯರೊಬ್ಬರು ತೋಟದ ಬಂಡೆಯ ಮೇಲೆ ನೆರಳು ಗಡಿಯಾರ ಕಟ್ಟಿಸಿದರು. ಇಳಿಜಾರಿನಲ್ಲಿ ಕೆಲಸ ಮಾಡುವವರಿಗೆ ಹೊತ್ತು ತಿಳಿಯಲಿ ಎಂಬುದು ಅದರ ಉದ್ದೇಶ. ಆ ತುಣುಕು ನೆಲ ಇಂದಿಗೂ ಗಡಿಯಾರದ ಹೆಸರಿನಿಂದಲೇ ಪ್ರಸಿದ್ಧ. 1911ರಲ್ಲಿ ಆ ಮನೆಯೂ ಒಡೆದು ಏಳು ಮಕ್ಕಳಲ್ಲಿ ಹಂಚಿಹೋಯಿತು. ಯೋಹಾನ್ ಯೋಸೆಫ್ ಪ್ರೂಮ್ ಹೆಸರಿನ, ಇಂದು ಜಗತ್ತೇ ಗುರುತಿಸುವ ಸಂಸ್ಥೆ ಹುಟ್ಟಿದ್ದು ಆ ವಾಟ್ನಿಯಿಂದಲೇ.

ಹಾಗಾದರೆ ಈಗ ಹೇಗೆ ಉಳಿಸಿಕೊಳ್ಳುತ್ತಾರೆ? ಸಾಮಾನ್ಯವಾಗಿ ತಂದೆತಾಯಿ ಬದುಕಿರುವಾಗಲೇ, ತೋಟವನ್ನು ನಡೆಸುವ ಮನಸ್ಸೂ ತರಬೇತಿಯೂ ಇರುವ ಒಬ್ಬ ಮಗ ಅಥವಾ ಮಗಳ ಹೆಸರಿಗೆ ನೋಟರಿಯ ಮುಂದೆ ಕರಾರು ಮಾಡಿ ಆಸ್ತಿಯನ್ನು ಒಪ್ಪಿಸುತ್ತಾರೆ. ಉಳಿದ ಮಕ್ಕಳಿಗೆ ನೆಲದ ಬದಲು ಹಣ ಸಲ್ಲುತ್ತದೆ, ಎಷ್ಟೋ ಸಲ ಕಂತುಗಳಲ್ಲಿ. ಇಲ್ಲಿ ಜರ್ಮನಿಯ ನಾಗರಿಕ ಸಂಹಿತೆ ಒಕ್ಕಲುತನಕ್ಕೆ ಒಂದು ಆಸರೆ ಕೊಟ್ಟಿದೆ. ಒಬ್ಬ ವಾರಸುದಾರ ಕೃಷಿ ಆಸ್ತಿಯನ್ನು ಇಡಿಯಾಗಿ ವಹಿಸಿಕೊಂಡು ನಡೆಸಿಕೊಂಡು ಹೋಗುವುದಾದರೆ, ಉಳಿದವರ ಪಾಲಿನ ಲೆಕ್ಕವನ್ನು ಮಾರುಕಟ್ಟೆ ದರದ ಮೇಲಲ್ಲದೆ, ಆ ನೆಲ ಕೊಡುವ ಉತ್ಪನ್ನದ ಬೆಲೆಯ ಮೇಲೆ ಕಟ್ಟಲು ಅವಕಾಶವಿದೆ. ಈ ಅವಕಾಶವಿಲ್ಲದಿದ್ದರೆ, ಒಡಹುಟ್ಟಿದವರಿಗೆ ಹಣ ಕೊಡುವುದಕ್ಕಾಗಿ ತೋಟವನ್ನೇ ಮಾರಬೇಕಾಗುತ್ತಿತ್ತು. ವಯಸ್ಸಾಗಿ ದುಡಿಮೆ ಬಿಟ್ಟ ನೆರೆಹೊರೆಯವರ ಪಟ್ಟಿಗಳನ್ನು ಲಾವಣಿಗೆ ಹಿಡಿದು ಸಾಗುವಳಿ ವಿಸ್ತರಿಸುವುದೂ ಅಲ್ಲಿ ರೂಢಿಯಲ್ಲಿದೆ.

ನಿಮ್ಮ ವಿಷಯಕ್ಕೆ ಬರುವುದಾದರೆ, ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ತಂಗಿಗೂ ನಿಮ್ಮಷ್ಟೇ ಹಕ್ಕಿದೆ. ಅವರನ್ನು ಕೂರಿಸಿಕೊಳ್ಳದೆ ಯಾವ ಮಾತನ್ನೂ ಆಡಬೇಡಿ. ಕಾಗದಪತ್ರಗಳ ಸಂಗತಿಯನ್ನು ವಕೀಲರಿಂದಲೇ ಕೇಳಿ ತಿಳಿಯಿರಿ. ಆದರೆ ವಕೀಲರ ಬಳಿಗೆ ಹೋಗುವ ಮೊದಲು ನಾಲ್ವರೂ ಕುಳಿತು, ಹೊಲವನ್ನು ಸೈಟಿನ ದರದಲ್ಲಿ ನೋಡಬೇಕೋ ಪೀಕಿನ ಆದಾಯದಲ್ಲಿ ನೋಡಬೇಕೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಹಕ್ಕನ್ನು ನಾಲ್ಕು ಪಾಲು ಮಾಡಿಯೂ ಸಾಗುವಳಿಯನ್ನು ಒಂದೇ ಕೈಯಲ್ಲಿಡಬಹುದು. ಬದು ಹಾಕಿ ನಾಲ್ಕು ತುಂಡು ಮಾಡಿದ ಹೊಲವನ್ನು ಮತ್ತೆ ಕೂಡಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಮೋಸೆಲ್ ಕಣಿವೆಯೇ ಸಾಕ್ಷಿ. ಅಲ್ಲಿ ಚದುರಿದ ತುಂಡುಗಳನ್ನು ಒಟ್ಟುಗೂಡಿಸಲು ಸರಕಾರವೇ ದಶಕಗಟ್ಟಲೆ ಮರುಹಂಚಿಕೆಯ ಯೋಜನೆಗಳನ್ನು ನಡೆಸಬೇಕಾಯಿತು.

ಪ್ರಶ್ನೆ: ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದೇನೆ. ರೀಸ್ಲಿಂಗ್ ಎಂದರೆ ಸಿಹಿ ವೈನ್ ಎಂದು ತರಗತಿಯಲ್ಲಿ ಬರೆಸಿದ್ದಾರೆ. ಜರ್ಮನ್ ಬಾಟಲಿಯ ಲೇಬಲ್ ನೋಡಿದರೆ ತಲೆ ಸುತ್ತುತ್ತದೆ. ಸುಲಭವಾಗಿ ತಿಳಿಯುವ ದಾರಿ ಇದೆಯೇ? — ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಆ ಮಾತು ಅರ್ಧ ಮಾತ್ರ ಸರಿ. ರೀಸ್ಲಿಂಗ್ ಎಂಬುದು ದ್ರಾಕ್ಷಿಯ ತಳಿಯ ಹೆಸರು; ಅದರ ಅತ್ಯಂತ ಹಳೆಯ ದಾಖಲೆ 1435ರದು, ರ್ಯೂಸೆಲ್ಸ್‌ಹೈಮ್ ಊರಿನ ಲೆಕ್ಕಪತ್ರದಲ್ಲಿ ಸಿಗುತ್ತದೆ. ಒಂದೇ ತೋಟದ ಈ ಹಣ್ಣಿನಿಂದ ಒಂದಿಷ್ಟೂ ಸಿಹಿಯಿಲ್ಲದ ವೈನನ್ನೂ ಮಾಡಬಹುದು, ಜೇನಿನಷ್ಟು ದಪ್ಪನೆಯ ಸಿಹಿ ವೈನನ್ನೂ ಮಾಡಬಹುದು. ಲೇಬಲ್ಲಿನ ಮೇಲೆ ಕಾಣುವ ಕಾಬಿನೆಟ್, ಶ್ಪೇಟ್‌ಲೇಸೆ, ಔಸ್‌ಲೇಸೆ, ಬೇರೆನ್‌ಔಸ್‌ಲೇಸೆ, ಟ್ರೋಕೆನ್‌ಬೇರೆನ್‌ಔಸ್‌ಲೇಸೆ ಎಂಬ ಮೆಟ್ಟಿಲುಗಳು 1971ರ ವೈನ್ ಕಾಯಿದೆಯಲ್ಲಿ ಗಟ್ಟಿಯಾದವು. ಇವು ಹೇಳುವುದು ಕೊಯ್ಲಿನ ಹೊತ್ತಿಗೆ ಹಣ್ಣು ಎಷ್ಟು ಮಾಗಿತ್ತು, ಅದರ ರಸದಲ್ಲಿ ಸಕ್ಕರೆ ಎಷ್ಟಿತ್ತು ಎಂಬುದನ್ನು. ಬಾಟಲಿಯಲ್ಲಿ ಸಿಹಿ ಎಷ್ಟು ಉಳಿದಿದೆ ಎಂಬುದು ಬೇರೆಯೇ ಸಂಗತಿ. ರಸದ ಸಾಂದ್ರತೆಯನ್ನು ಅಳೆಯುವ ಮಾಪಕ್ಕೆ, ಅದನ್ನು ರೂಪಿಸಿದ ಪ್ಫೋರ್ಟ್ಸ್‌ಹೈಮ್‌ನ ಅಕ್ಕಸಾಲಿಗ ಫರ್ಡಿನಾಂಡ್ ಎಕ್ಸ್‌ಲೆಯ ಹೆಸರೇ ಉಳಿದಿದೆ. ಕಟ್ಟಕಡೆಯ ಮೆಟ್ಟಿಲಿಗೆ ಕನಿಷ್ಠ 150 ಎಕ್ಸ್‌ಲೆ ಬೇಕು. ಹಣ್ಣು ಬಳ್ಳಿಯ ಮೇಲೆಯೇ ಬಾಡಿ, ಬೊಟ್ರೈಟಿಸ್ ಎಂಬ ಬೂಜು ಹಿಡಿದು, ಒಣದ್ರಾಕ್ಷಿಯಂತಾದಾಗ ಮಾತ್ರ ಆ ಮಟ್ಟ ಸಿಗುತ್ತದೆ.

ನೀವು ನೋಡಬೇಕಾದದ್ದು ಎರಡು ಕಡೆ. ಮೊದಲನೆಯದು ಆಲ್ಕೋಹಾಲಿನ ಪ್ರಮಾಣ. ಅದು ಶೇ. 7.5 ಅಥವಾ 8ರ ಸುಮಾರಿಗೆ ಇದ್ದರೆ ಹುದುಗುವಿಕೆಯನ್ನು ನಡುವೆಯೇ ತಣಿಸಿ ನಿಲ್ಲಿಸಿದ್ದಾರೆ, ಸಕ್ಕರೆ ಉಳಿದಿದೆ ಎಂದು ತಿಳಿಯಿರಿ, ಶೇ. 12 ಅಥವಾ ಅದಕ್ಕೂ ಹೆಚ್ಚಿದ್ದರೆ ಸಕ್ಕರೆಯೆಲ್ಲ ಬಹುತೇಕ ಹುದುಗಿ ಹೋಗಿದೆ. ‘ಟ್ರೋಕೆನ್’ ಎಂದು ಬರೆದಿದ್ದರೆ ಕಾಯಿದೆಯ ಪ್ರಕಾರ ಲೀಟರಿಗೆ 9 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುವಂತಿಲ್ಲ. ಎರಡನೆಯದು, ಬಾಟಲಿ ತುಂಬಿದವರು ಯಾರು ಎಂಬುದು. ‘ಗುಟ್ಸ್‌ಅಬ್‌ಫ್ಯುಲ್ಲುಂಗ್’ ಎಂಬ ಉದ್ದನೆಯ ಮಾತು ಕಂಡರೆ, ಹಣ್ಣು ಬೆಳೆದು, ರಸ ಹಿಂಡಿ, ವೈನ್ ಮಾಡಿ, ಬಾಟಲಿಗೆ ತುಂಬಿದ್ದು ಒಂದೇ ತೋಟದವರು ಎಂದರ್ಥ. ಈ ಮಾತನ್ನು ಬಳಸಲು ತರಬೇತಿ ಪಡೆದ ವೈನ್ ತಯಾರಕರು ಇರಬೇಕೆಂಬ ಷರತ್ತೂ ಇದೆ. ದ್ರಾಕ್ಷಿಗೊಂಚಲು ಹಿಡಿದ ಹದ್ದಿನ ಗುರುತು ಇದ್ದರೆ ಅದು 1910ರಲ್ಲಿ ಹುಟ್ಟಿದ ಶ್ರೇಷ್ಠ ತೋಟಗಳ ಸಂಘದ ಮುದ್ರೆ. ನನ್ನನ್ನು ಕೇಳಿದರೆ ಮೆಟ್ಟಿಲುಗಳ ಹೆಸರನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಎರಡನ್ನು ನೋಡುವ ಅಭ್ಯಾಸ ನಿಮ್ಮ ವೃತ್ತಿಗೆ ಹೆಚ್ಚು ನೆರವಾಗುತ್ತದೆ.

ಪ್ರಶ್ನೆ: ಕಪ್ಪತಗುಡ್ಡದ ಸೆರಗಿನಲ್ಲಿ ನಮ್ಮ ಜಮೀನಿದೆ. ಮೋಸೆಲ್‌ನಲ್ಲೂ ಕಲ್ಲುನೆಲ, ಇಳಿಜಾರು ಎಂದು ಬರೆದಿದ್ದೀರಿ. ಇಲ್ಲಿ ರೀಸ್ಲಿಂಗ್ ಹಚ್ಚಬಹುದೇ? — ನಿವೃತ್ತ ಶಿಕ್ಷಕರು, ಮುಂಡರಗಿ

ಉತ್ತರ: ಬಳ್ಳಿ ಬೆಳೆಯುತ್ತದೆ, ಮಾನ್ಯರೇ, ನಾಶಿಕದ ಕಡೆ ಈ ತಳಿಯಿಂದ ವೈನ್ ಮಾಡಿ ಮಾರುತ್ತಲೂ ಇದ್ದಾರೆ. ಆದರೆ ಮೋಸೆಲ್‌ನ ವೈನಿಗೆ ಹೆಸರು ತಂದ ಗುಣ ಇಲ್ಲಿ ಬರಲಾರದು, ಮತ್ತು ಅದಕ್ಕೆ ನಿಮ್ಮ ನೆಲ ಕಾರಣವಲ್ಲ.

ಮೋಸೆಲ್‌ನ ಕಲ್ಲು ಸುಮಾರು 40 ಕೋಟಿ ವರ್ಷ ಹಳೆಯ ಸ್ಲೇಟು. ನಾವು ಚಿಕ್ಕವರಿದ್ದಾಗ ಬಳಪ ಹಿಡಿದು ಅಕ್ಷರ ತಿದ್ದಿದ ಪಾಟಿಯ ಜಾತಿಯದೇ. ಗದಗ ಸೀಮೆಯ ಪದರಶಿಲೆಗಳು ಅದಕ್ಕಿಂತ ಎಷ್ಟೋ ಪ್ರಾಚೀನ, 250 ಕೋಟಿ ವರ್ಷಗಳಿಗೂ ಹಿಂದಿನವು. ಮೋಸೆಲ್‌ನಲ್ಲಿ ಸ್ಲೇಟಿನ ಕೆಲಸವೆಂದರೆ ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಬಳ್ಳಿಗೆ ಬೆಚ್ಚನೆಯ ಶಾಖ ಕೊಡುವುದು, ಮಳೆನೀರನ್ನು ನಿಲ್ಲಗೊಡದೆ ಬಸಿದು ಬಿಡುವುದು. ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿದ್ದರೆ ಓರೆಯಾಗಿ ಬೀಳುವ ಸೂರ್ಯನ ಕಿರಣ ಹೆಚ್ಚು ನೇರವಾಗಿ ತಾಕುತ್ತದೆ. 50ನೆಯ ಅಕ್ಷಾಂಶದ ಆಸುಪಾಸಿನಲ್ಲಿರುವ ಆ ಚಳಿಯ ಸೀಮೆಯಲ್ಲಿ ಹಣ್ಣು ಮಾಗಲು ಇವೆಲ್ಲ ಬೇಕೇ ಬೇಕು. ಮುಂಡರಗಿಯಲ್ಲಿ ಶಾಖಕ್ಕೆ ಕೊರತೆಯೆಲ್ಲಿದೆ?

ಮುಖ್ಯ ಸಂಗತಿ ಎಂದರೆ ಬಳ್ಳಿಯ ನಿದ್ರೆ. ಅಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಚಳಿಗಾಲದಲ್ಲಿ ಒಂದೇ ಸಲ ಕತ್ತರಿಸುತ್ತಾರೆ. ಹಳೆಯ ಪದ್ಧತಿಯ ತೋಟಗಳಲ್ಲಿ ಪ್ರತಿ ಬಳ್ಳಿಗೂ ಒಂದು ಗೂಟ. ಉಳಿಸಿಕೊಂಡ ಎರಡು ಕಡ್ಡಿಗಳನ್ನು ವಸಂತದ ಆರಂಭದಲ್ಲಿ, ಗಾಳಿಯಲ್ಲಿ ತೇವವಿರುವ ದಿನ ನೋಡಿ, ಎಡಕ್ಕೊಂದು ಬಲಕ್ಕೊಂದು ಬಾಗಿಸಿ ಹೃದಯದ ಆಕಾರ ಬರುವಂತೆ ಗೂಟಕ್ಕೆ ಕಟ್ಟುತ್ತಾರೆ. ಒಣಗಾಳಿಯ ದಿನ ಬಾಗಿಸಿದರೆ ಕಡ್ಡಿ ಪಟ್ಟನೆ ಮುರಿಯುತ್ತದೆ. ಬ್ರೆಮ್ ಊರಿನ ಕಾಲ್ಮೋಂಟ್ ಗುಡ್ಡದಲ್ಲಿ ಇಳಿಜಾರು ಕೆಲವೆಡೆ 60 ಡಿಗ್ರಿಯನ್ನೂ ಮೀರುತ್ತದೆ. ಅಲ್ಲಿ ಟ್ರ್ಯಾಕ್ಟರ್ ಹತ್ತುವುದಿಲ್ಲ, ಒಂಟಿ ಹಳಿಯ ಪುಟ್ಟ ಗಾಡಿಯಲ್ಲಿ ಆಳೂ ಸಾಮಾನೂ ಮೇಲೇರಬೇಕು. ನಮ್ಮಲ್ಲಿಯೋ ಬಳ್ಳಿ ಮಲಗುವುದೇ ಇಲ್ಲ. ಅದಕ್ಕೇ ವಿಜಯಪುರದ ರೈತರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆರಡು ಸಲ ಕತ್ತರಿ ಹಾಕುತ್ತಾರೆ. ನಮ್ಮ ಹಣ್ಣು ಮಾಗುವುದು ಫೆಬ್ರುವರಿ, ಮಾರ್ಚ್‌ನಲ್ಲಿ, ಬಿಸಿಲು ಏರುತ್ತಿರುವಾಗ. ರೀಸ್ಲಿಂಗ್ ಅಲ್ಲಿ ಮಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ದಿನದಿಂದ ದಿನಕ್ಕೆ ತಂಪು ಹೆಚ್ಚುತ್ತಿರುವಾಗ. ತಂಪಿನಲ್ಲಿ ನಿಧಾನವಾಗಿ ಮಾಗಿದ ಹಣ್ಣಿನಲ್ಲಿ ಹುಳಿ ಉಳಿಯುತ್ತದೆ, ಪರಿಮಳ ಕೂಡುತ್ತದೆ. ಬೆಚ್ಚನೆಯ ರಾತ್ರಿಗಳಲ್ಲಿ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಬೇಗ ಕರಗಿಹೋಗುತ್ತದೆ. ಆ ಹುಳಿಯೇ ಈ ವೈನಿನ ಜೀವ.

ವೈನ್ ದ್ರಾಕ್ಷಿಯನ್ನೇ ಬೆಳೆಯುವ ಮನಸ್ಸಿದ್ದರೆ ಶೆನಿನ್ ಬ್ಲಾಂಕ್, ಶಿರಾಜ್ ಮುಂತಾದ, ದಖ್ಖನಿನ ಹವೆಯಲ್ಲಿ ಈಗಾಗಲೇ ನಿಂತ ತಳಿಗಳನ್ನು ಯೋಚಿಸಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣು, ನೀರು ಪರೀಕ್ಷಿಸಿಕೊಳ್ಳಿ. ಕೊಳ್ಳುವ ವೈನರಿಯ ಜೊತೆ ಕರಾರಾಗದೆ ಒಂದು ಸಸಿಯನ್ನೂ ಊರಬೇಡಿ; ವೈನ್ ದ್ರಾಕ್ಷಿಯನ್ನು ಸಂತೆಯಲ್ಲಿ ತಿನ್ನಲು ಯಾರೂ ಕೊಳ್ಳುವುದಿಲ್ಲ.

ಪ್ರಶ್ನೆ: ನಮ್ಮದು ಕಟ್ಟಾ ಶಾಕಾಹಾರಿ ಮನೆತನ. ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ವೈನ್ ಬರೀ ದ್ರಾಕ್ಷಿಯದು, ಅದರಲ್ಲಿ ದೋಷವಿಲ್ಲ ಎನ್ನುತ್ತಾನೆ. ನಿಜವೇ? — ಗೃಹಿಣಿ, ಧಾರವಾಡ

ಉತ್ತರ: ತಾಯೀ, ಕುಡಿಯುವುದು ಬಿಡುವುದು ನಿಮ್ಮ ಮನೆಯ ವಿಚಾರ, ಆ ಬಗ್ಗೆ ನಾನು ಏನೂ ಹೇಳುವುದಿಲ್ಲ. ಶಾಕಾಹಾರದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ವೈನ್ ತಿಳಿಯಾಗಲೆಂದು ಅದಕ್ಕೆ ಕೆಲವು ವಸ್ತುಗಳನ್ನು ಬೆರೆಸಿ, ಅವು ಗಸಿಯನ್ನು ಹಿಡಿದುಕೊಂಡು ತಳಕ್ಕಿಳಿದ ಮೇಲೆ ಬೇರ್ಪಡಿಸುತ್ತಾರೆ. ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಪ್ರಾಣಿಗಳ ಎಲುಬು ತೊಗಲಿನಿಂದ ಬರುವ ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಅಂಟು, ಇವೆಲ್ಲ ಹಿಂದಿನಿಂದ ಬಳಕೆಯಲ್ಲಿವೆ. ಬೆಂಟೋನೈಟ್ ಎಂಬ ಜೇಡಿಮಣ್ಣು, ಬಟಾಣಿ ಅಥವಾ ಆಲೂಗಡ್ಡೆಯ ಪ್ರೋಟೀನ್ ಬಳಸುವವರೂ ಈಗ ಹಲವರಿದ್ದಾರೆ. ಯುರೋಪಿನ ನಿಯಮದಂತೆ ಮೊಟ್ಟೆ ಮತ್ತು ಹಾಲಿನ ಅಂಶ ಉಳಿದಿದ್ದರೆ ಲೇಬಲ್ಲಿನಲ್ಲಿ ತಿಳಿಸಬೇಕು, ಆದರೆ ಮೀನಿನ ಅಂಟಿಗೆ ಆ ಕಟ್ಟಳೆ ಇಲ್ಲ. ಆದ್ದರಿಂದ ‘ವೇಗನ್’ ಎಂಬ ಗುರುತಿರುವ ಬಾಟಲಿಯನ್ನೇ ನೋಡಬೇಕು, ಇಲ್ಲವೇ ತೋಟದವರನ್ನೇ ನೇರವಾಗಿ ಕೇಳಬೇಕು. ಮನೆಯವರೇ ನಡೆಸುವ ತೋಟಗಳಲ್ಲಿ ಇದೊಂದು ಅನುಕೂಲ: ಫೋನ್ ಎತ್ತಿದವರೇ ಬಹುಶಃ ಆ ವೈನನ್ನು ಮಾಡಿದವರಾಗಿರುತ್ತಾರೆ.

ಪ್ರಶ್ನೆ: ಮಗಳನ್ನು ನೋಡಲು ಮೋಸೆಲ್ ದಂಡೆಯ ಟ್ರಿಯರ್ ನಗರಕ್ಕೆ ಹೋಗುವವರಿದ್ದೇವೆ. ಇಂಥ ಒಂದು ತೋಟವನ್ನು ನೋಡಬಹುದೇ? — ನಿವೃತ್ತ ಬ್ಯಾಂಕ್ ಉದ್ಯೋಗಿ, ಗದಗ

ಉತ್ತರ: ಧಾರಾಳವಾಗಿ ನೋಡಬಹುದು. ಆದರೆ ಕೆಲವು ವಾರ ಮೊದಲೇ ಮಗಳ ಕೈಯಿಂದ ಈಮೇಲ್ ಕಳಿಸಿ ಸಮಯ ಗೊತ್ತುಮಾಡಿಕೊಳ್ಳಿ. ಅಲ್ಲಿ ಬಂದವರನ್ನು ಮಾತನಾಡಿಸುವವರೂ ತೋಟದಲ್ಲಿ ದುಡಿಯುವವರೂ ಒಬ್ಬರೇ. ಕೊಯ್ಲಿನ ದಿನಗಳಲ್ಲಿ ಹೋಗದಿರುವುದು ಒಳ್ಳೆಯದು. ನೆಲಮಾಳಿಗೆಯಲ್ಲಿ ‘ಫೂಡರ್’ ಎಂಬ, ಸುಮಾರು 1,000 ಲೀಟರ್ ಹಿಡಿಯುವ ಮರದ ಪೀಪಾಯಿಗಳನ್ನು ನೋಡಲು ಮರೆಯಬೇಡಿ. ಗೊತ್ತುಮಾಡಿಕೊಳ್ಳದೆ ಹೋಗಬೇಕೆಂದರೆ, ವರ್ಷದಲ್ಲಿ ನಾಲ್ಕು ತಿಂಗಳವರೆಗೆ ತೋಟದವರು ತಮ್ಮದೇ ವೈನ್ ಮತ್ತು ಸಾದಾ ತಿಂಡಿಯನ್ನು ಮನೆಯಂಗಳದಲ್ಲಿ ಮಾರುವ ಪದ್ಧತಿಯಿದೆ; ಬಾಗಿಲಿಗೆ ಸೊಪ್ಪಿನ ಗೊಂಚಲು ಕಟ್ಟಿದ್ದರೆ ತೆರೆದಿದೆ ಎಂದು ಗುರುತು.

ಪ್ರಶ್ನೆ: ನಮ್ಮ ಖಾರದ ಊಟದ ಜೊತೆ ರೀಸ್ಲಿಂಗ್ ಹೊಂದುತ್ತದೆ ಎಂದು ಬರೆದಿದ್ದಿರಿ. ಕಾರಣವೇನು? — ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಸಕ್ಕರೆ ತಗ್ಗಿಸುತ್ತದೆ. ಕಾಬಿನೆಟ್ ಮಟ್ಟದ ಸಿಹಿ ರೀಸ್ಲಿಂಗ್‌ನಲ್ಲಿ ಆಲ್ಕೋಹಾಲ್ ಕಡಿಮೆ, ಸಿಹಿ ಇದೆ, ಆ ಸಿಹಿಯನ್ನು ತೂಗಿಸುವ ಹುಳಿಯೂ ಇದೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಜೊತೆ ಅದು ಹೊಂದುತ್ತದೆ. ನಿಮ್ಮ ಬ್ಯಾಡಗಿ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ ಆದ್ದರಿಂದ ಇನ್ನೂ ಸುಲಭ. ಆದರೆ ರಂಜಕದಂಥ ಕಡುಖಾರಕ್ಕೆ ಯಾವ ವೈನೂ ಬೇಡ, ಗಟ್ಟಿ ಮೊಸರೇ ಸರಿ.

ಪ್ರಶ್ನೆ: ಹವೆ ಬದಲಾಗುತ್ತಿರುವುದರಿಂದ ಅವರಿಗೂ ನಮ್ಮಂತೆ ನಷ್ಟವಾಗುತ್ತಿದೆಯೇ? — ಕಡಲೆ ಬೆಳೆಗಾರರು, ನವಲಗುಂದ

ಉತ್ತರ: ಲಾಭವೂ ಆಗಿದೆ, ನಷ್ಟವೂ ಆಗಿದೆ. ಹಿಂದೆ ಹಣ್ಣು ಸರಿಯಾಗಿ ಮಾಗದ ವರ್ಷಗಳೇ ಅವರ ದೊಡ್ಡ ಚಿಂತೆಯಾಗಿತ್ತು. ಈಗ ಮಾಗದ ವರ್ಷ ಅಪರೂಪ, ಕೊಯ್ಲು ಸೆಪ್ಟೆಂಬರಿನಲ್ಲೇ ಶುರುವಾಗುತ್ತದೆ. ಸಾರ್ ದಂಡೆಯಂಥ ಹೆಚ್ಚು ತಂಪಿನ ಜಾಗಗಳಿಗೆ ಇದರಿಂದ ಬೆಲೆ ಬಂದಿದೆ. ಆದರೆ ಬೇಗ ಚಿಗುರಿದ ಬಳ್ಳಿಗೆ ತಡವಾಗಿ ಬೀಳುವ ಮಂಜಿನ ಭಯ. 2024ರ ಏಪ್ರಿಲ್ ಕೊನೆಯ ಕಡುಚಳಿಗೆ ಅದೇ ಸಾರ್ ದಂಡೆಯಲ್ಲಿ ಎಳೆ ಚಿಗುರು ಸುಟ್ಟು ಭಾರೀ ಹಾನಿಯಾಯಿತು. ಬಳ್ಳಿಯ ಮೇಲೆಯೇ ಹೆಪ್ಪುಗಟ್ಟಿದ ಹಣ್ಣಿನಿಂದ ಮಾಡುವ ‘ಐಸ್‌ವೈನ್’ಗೆ ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿ ಬೇಕು, 2019ರ ಫಸಲಿನಲ್ಲಿ ಇಡೀ ಜರ್ಮನಿಯಲ್ಲಿ ಎಲ್ಲಿಯೂ ಆ ಚಳಿ ಸಿಗಲಿಲ್ಲ.

ಹವೆಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆಳಿನ ಪ್ರಶ್ನೆ. ಕಡಿದಾದ ಇಳಿಜಾರಿನ ತೋಟಕ್ಕೆ ಸಮತಟ್ಟಾದ ನೆಲಕ್ಕಿಂತ ಹಲವು ಪಟ್ಟು ಕೈಗೆಲಸ ಬೇಕು. ಕೊಯ್ಲಿಗೆ ಪೋಲೆಂಡ್, ರುಮೇನಿಯಾಗಳಿಂದ ಬರುವವರನ್ನು ನೆಚ್ಚಿಕೊಂಡಿದ್ದಾರೆ. 1990ರ ಹೊತ್ತಿಗೆ 12,000 ಹೆಕ್ಟೇರ್ ಮೀರಿದ್ದ ಮೋಸೆಲ್ ಸೀಮೆಯ ದ್ರಾಕ್ಷಿತೋಟ ಈಗ 9,000ಕ್ಕಿಂತ ಕೆಳಗಿಳಿದಿದೆ. ಪಾಳು ಬಿದ್ದವುಗಳಲ್ಲಿ ಒಳ್ಳೆಯ ಇಳಿಜಾರುಗಳೂ ಇವೆ, ಏಕೆಂದರೆ ದುಡಿಯುವ ಮಕ್ಕಳು ಮನೆಯಲ್ಲಿ ಉಳಿದಿಲ್ಲ. ಯಾವ ಮನೆಯಲ್ಲಿ ಮಗನೋ ಮಗಳೋ ಗೈಸೆನ್‌ಹೈಮ್‌ನ ದ್ರಾಕ್ಷಿ ವಿಶ್ವವಿದ್ಯಾಲಯದಲ್ಲಿ ಓದಿ ಊರಿಗೆ ಮರಳಿ ಬಂದಿದ್ದಾರೋ, ಅಲ್ಲಿ ತೋಟ ಉಳಿದಿದೆ. ನವಲಗುಂದದ ಕರಿನೆಲದಲ್ಲೂ ಈ ಚಿಂತೆ ನಿಮಗೆ ಹೊಸದಲ್ಲ.

ಪ್ರಶ್ನೆ: ನೆಂಟರೊಬ್ಬರು ತಂದುಕೊಟ್ಟ ರೀಸ್ಲಿಂಗ್ ಬಾಟಲಿ ನಾಲ್ಕು ವರ್ಷದಿಂದ ಮನೆಯಲ್ಲಿದೆ. ಕೆಟ್ಟಿರಬಹುದೇ? — ಓದುಗರು, ಹುಬ್ಬಳ್ಳಿ

ಉತ್ತರ: ಒಳ್ಳೆಯ ತೋಟದ್ದಾದರೆ ನಾಲ್ಕು ವರ್ಷ ಏನೇನೂ ಅಲ್ಲ, ಹುಳಿ ಮತ್ತು ಸಕ್ಕರೆ ಎರಡೂ ಇರುವ ರೀಸ್ಲಿಂಗ್ ದಶಕಗಟ್ಟಲೆ ಬಾಳುತ್ತದೆ. ಆದರೆ ಅದು ತಂಪಾದ, ಕತ್ತಲೆಯ ಜಾಗದಲ್ಲಿಟ್ಟರೆ ಮಾತ್ರ. ಹುಬ್ಬಳ್ಳಿಯ ನಾಲ್ಕು ಬೇಸಿಗೆಗಳನ್ನು ಅಡುಗೆಮನೆಯ ಕಪಾಟಿನಲ್ಲಿ ಕಳೆದಿದ್ದರೆ ಇನ್ನು ಕಾಯಿಸಬೇಡಿ. ಬಿರಡೆ ಉಬ್ಬಿದ್ದರೆ, ಕುತ್ತಿಗೆಯ ಸುತ್ತ ಅಂಟು ಜಿನುಗಿದ್ದರೆ, ಬಣ್ಣ ಕಂದಾಗಿದ್ದರೆ ಕೆಟ್ಟಿದೆ ಎನ್ನಬಹುದು. ಸೀಮೆಎಣ್ಣೆ ಅಥವಾ ಪೆಟ್ರೋಲಿನಂಥ ವಾಸನೆ ಬಂದರೆ ಹೆದರಿ ಚೆಲ್ಲಬೇಡಿ; ಬಿಸಿಲು ಕಂಡ ಹಣ್ಣಿನ ವೈನ್ ವಯಸ್ಸಾದಂತೆ ಟಿಡಿಎನ್ ಎಂಬ ಸಂಯುಕ್ತದಿಂದ ಆ ವಾಸನೆ ಹುಟ್ಟುತ್ತದೆ, ಅದು ಈ ತಳಿಯ ಸಹಜ ಗುಣ. ಫ್ರಿಜ್ಜಿನಲ್ಲಿ ಮೂರು ತಾಸು ಇಟ್ಟು, ಹೊರತೆಗೆದು ಹತ್ತು ನಿಮಿಷ ಬಿಟ್ಟು ತೆರೆಯಿರಿ. ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಮತ್ತೆ ಫ್ರಿಜ್ಜಿನಲ್ಲೇ ಇಟ್ಟರೆ ಮೂರು ನಾಲ್ಕು ದಿನ ರುಚಿ ಕೆಡುವುದಿಲ್ಲ.